ಕೌದಿಗಳ ತೂಕ

ಏಳನೆಯ ಇಯತ್ತೆಯ ಗಣಿತ ಪರೀಕ್ಷೆ ಇದ್ದ ಮಂಗಳವಾರ ಮುಂಜಾನೆ ನಾನು ಮೊದಲ ಸಲ ಊರು ಬಿಟ್ಟೆನೆಂಬುದು ನಿರ್ವಿವಾದ ಸಂಗತಿ. ಅಲ್ಲಿಂದ ಮುಂದೆ ಯಾವ ಊರೂ ನನ್ನನ್ನು ಮೂರು ತಿಂಗಳಿಗಿಂತ ಹೆಚ್ಚು ಸಹಿಸಿರಲಿಲ್ಲ. ಬಾದಾಮಿಯ ಅತಿಥಿಗೃಹವೊಂದರಲ್ಲಿ ಹಾಸಿಗೆ-ಹೊದಿಕೆಗಳ ಪಾಲಕನಾಗಿ ಸೇರಿದಾಗ, ಆರು ತಿಂಗಳು ತುಂಬಿ ತಪಾಸಣೆ ಸುಸೂತ್ರವಾದರೆ ನೌಕರಿ ಕಾಯಂ ಎಂದರು. ಆ ಶಬ್ದ ಕೇಳಿ ನನಗೂ ಮನುಷ್ಯನಾಗುವ ಆಸೆ ಹುಟ್ಟಿತು.

ನನ್ನ ವಶಕ್ಕೆ ಹನ್ನೆರಡು ಕೌದಿ ಬಂದವು. ಹಳೆಯ ಇಳಕಲ್ ಸೀರೆಗಳನ್ನು ಪದರು ಪದರಾಗಿ ಇಟ್ಟು ಹುನಗುಂದದ ಸಿದ್ದಲಿಂಗವ್ವ ಹೊಲಿದಂಥವು. ಕೊನೆಯ ಹೊಲಿಗೆಗೆ ಮುಂಚೆ ಆಕೆ ಒಂದೊಂದರೊಳಗೂ ರೊಟ್ಟಿಯ ತುಣುಕು ಇಟ್ಟಿದ್ದಳು. ಒಪ್ಪಿಸುವಾಗ ನನಗೆ ಹೇಳಿದಳು:

"ಕೌದಿ ಹೊಟ್ಟಿ ಖಾಲಿ ಇರಬಾರ್ದೋ ತಮ್ಮಾ. ವಾರಕ್ಕೊಮ್ಮಿ ಬಿಸಲಿಗಿ ಹಾಕು, ಬೇವಿನ ತಪ್ಪಲಾ ಇಟ್ಟು ಮಡಚು."

ದಾಸ್ತಾನು ಪುಸ್ತಕದಲ್ಲಿ ರೊಟ್ಟಿ ಸಮೇತ ತೂಕ ನಮೂದಾಯಿತು: ತಲಾ ಎರಡು ಕಿಲೊ. ಕಡಿಮೆಯಾದರೆ ಪಾಲಕ ವಜಾ.

ಐದನೆಯ ತಿಂಗಳು ಇಲಿಗಳು ರೊಟ್ಟಿ ತಿಂದವು. ಪ್ರತಿ ಕೌದಿಗೆ ಐವತ್ತು ಗ್ರಾಂ ಕೊರತೆ.

"ಹೊಸ ರೊಟ್ಟಿ ಇಡೂಣೇನ್ರಿ?" ಎಂದು ವ್ಯವಸ್ಥಾಪಕ ಶಿರೀಷರಾಯರನ್ನು ಕೇಳಿದೆ.

"ಹೊಲಿಗಿ ಬಿಚ್ಚಿದ್ರ ಆಸ್ತಿ ಹಾಳ ಮಾಡಿದ್ಹಂಗ. ನಿಯಮ ಹದಿನಾಲ್ಕು. ತೂಕ ಅಷ್ಟ ಸರಿ ಮಾಡು."

ಗಣಿತ ಬಿಟ್ಟ ಮೆದುಳು ಕೆಲಸ ಮಾಡಿತು. ಬಿಸಿಲಿಗೆ ಹಾಕುವುದನ್ನೇ ನಿಲ್ಲಿಸಿ, ನೀರು ಚಿಮುಕಿಸಿ ಮಡಚಿಟ್ಟೆ. ತೂಕ ಸರಿಹೋಯಿತು, ಬೂಷ್ಟು ಹಿಡಿಯಿತು. ಮೂಗು ಮುಚ್ಚಿಕೊಂಡ ಅತಿಥಿಗಳ ತಿಳಿವಳಿಕೆಗಾಗಿ ಫಲಕ ಹಾಕಿದೆವು: "ಇದು ಪಾರಂಪರಿಕ ಪರಿಮಳ. ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ."

ತಪಾಸಣೆಯ ದಿನ ಒಂಬತ್ತನೆಯ ಕೌದಿ ನೂರೆಂಬತ್ತು ಗ್ರಾಂ ಹೆಚ್ಚು ತೂಗಿತು. ತಕ್ಕಡಿಯಿಂದ ಚಿಂವ್ ಚಿಂವ್ ಸದ್ದು. ನನ್ನ ನೌಕರಿ ಮುಗಿಯಿತೆಂದು ತಿಳಿದೆ.

"ಒಳಗೇನೈತಿ?" ಅಧಿಕಾರಿ ಕೇಳಿದರು.

"ಇಲಿ ಮರಿ ಹಾಕೇತ್ರಿ ಸಾಹೇಬ್ರ."

ಅವರು ಕನ್ನಡಕ ಒರೆಸಿಕೊಂಡರು. "ಇಲಿ ಅಂತ ಬರಿಯಾಕ ಇದರಾಗ ಕಾಲಂ ಇಲ್ಲ. ಹೆಚ್ಚಾತು ಅಂತ ಬರಿಯಾಕ ಐತಿ."

"ಪಾಲಕನ ಆರೈಕೆಯಿಂದ ದಾಸ್ತಾನಿನಲ್ಲಿ ವೃದ್ಧಿ" ಎಂದು ಬರೆದು, ಅಂದೇ ನನ್ನನ್ನು ಕಾಯಂ ಮಾಡಿದರು. ಉಳಿದ ಹನ್ನೊಂದಕ್ಕೂ ಇದೇ ಆರೈಕೆ ನೀಡತಕ್ಕದ್ದು ಎಂಬ ಸುತ್ತೋಲೆಯೂ ಬಂತು.

ಆದೇಶ ಕಿಸೆಗೆ ಸೇರಿದ್ದೇ ತಡ, ಕಾಲು ನಿಲ್ಲದಾದವು. ಎರಡು ಅಂಗಿ ಚೀಲಕ್ಕೆ ತುರುಕುತ್ತಿದ್ದಾಗ ಶಿರೀಷರಾಯರು ಬಾಗಿಲಿಗೆ ಬಂದರು.

"ನಾ ಹೊಂಟೇನ್ರಿ," ಎಂದೆ.

"ಹೋಗು. ಕಾಯಂ ಆದವ್ರು ಇರಬೇಕಂತ ಎಲ್ಲೂ ಬರದಿಲ್ಲ, ಹಾಜರಿ ನಾ ಹಾಕ್ತೇನಿ. ನಿವೃತ್ತಿ ದಿನ ಮಾತ್ರ ತಪ್ಪಿಸಬ್ಯಾಡ, ಶಾಲು ಹೊದಿಸಬೇಕು."

ಆಗಲಿ ಎಂದು ಚೀಲದ ಬಾಯಿ ಕಟ್ಟಿದೆ.