ಕೊನೆಯ ತೋಳ

ಬೆಳಿಗ್ಗೆ ಹಳ್ಳದ ಪಕ್ಕದಲ್ಲಿ ಮುಕಾಶ್‌ಗೆ ಒಂದು ಸತ್ತ ತೋಳ ಸಿಕ್ಕಿತು. ಮುದಿ ತೋಳ. ಬಾಯಲ್ಲಿ ನಾಲ್ಕೇ ಹಲ್ಲು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ವಯಸ್ಸಾಗಿ ತಾನಾಗಿಯೇ ಸತ್ತಿತ್ತು.

ಮುಕಾಶ್ ಊರಿನ ಕುರಿಗಾಹಿ. ನಾರಿನ್ ಹೊಳೆಯಾಚೆಯ ಆ ಹಳ್ಳಿಯ ಎಲ್ಲ ಮನೆಗಳ ಕುರಿಗಳನ್ನೂ ಗುಡ್ಡಕ್ಕೆ ಹೊಡೆದುಕೊಂಡು ಹೋಗಿ ಸಂಜೆ ತರುವುದು ಅವನ ಕೆಲಸ. ಬೇಸಿಗೆಯಲ್ಲಿ ತೋಳಗಳು ಮೂರು ಕುರಿ ತಿಂದಿದ್ದವು. "ನಾಲ್ಕನೇದು ಹೋದ ದಿನ ನೀನೂ ಹೋಗು," ಎಂದಿದ್ದರು ಊರ ಹಿರಿಯ ಒಸ್ಮೊನ್ ತಾತ. ಅಂದಿನಿಂದ ಕುರಿ ಕೆಮ್ಮಿದರೂ ಮುಕಾಶನ ಎದೆ ಹೊಡೆದುಕೊಳ್ಳುತ್ತಿತ್ತು. ಹೆಂಡತಿ ನಜೀರಾ ತುಂಬು ಬಸುರಿ. ಚಳಿಗಾಲ ಹತ್ತಿರವಿತ್ತು, ಬೇರೆ ಕೆಲಸ ಎಲ್ಲಿಯೂ ಇರಲಿಲ್ಲ.

ತೋಳವನ್ನು ನೋಡುತ್ತ ಸ್ವಲ್ಪ ಹೊತ್ತು ಕೂತ. ಆಮೇಲೆ ಮೂರು ಹೆಜ್ಜೆ ಹಿಂದೆ ಸರಿದು ಅದಕ್ಕೆ ಗುಂಡು ಹಾರಿಸಿದ. ಗುಂಡು ತಪ್ಪಿತು. ಎರಡನೆಯದು ಕಿವಿಗೆ ತಾಗಿತು.

ತೋಳ ಕೊಂದವನು ಅದನ್ನು ಮನೆ ಮನೆಗೆ ಒಯ್ದು ತೋರಿಸಿದರೆ ಆ ಮನೆಯವರು ಏನಾದರೂ ಕೊಡಬೇಕು, ಅದು ಅಲ್ಲಿಯ ಪದ್ಧತಿ. ಮುಕಾಶ್ ತೋಳವನ್ನು ತನ್ನ ಕತ್ತೆಯ ಬೆನ್ನಿಗೆ ಕಟ್ಟಿದ. ವಾಸನೆ ಮೂಗಿಗೆ ಬಡಿದದ್ದೇ ತಡ, ಕತ್ತೆ ಮದುವೆಯೂಟಕ್ಕೆ ತಡವಾದ ನೆಂಟನ ಹಾಗೆ ಓಡಿತು. ಊರೊಳಗೆ ಮೊದಲು ಕತ್ತೆಯೂ ತೋಳವೂ ಬಂದವು. ಆಮೇಲೆ ಏದುಸಿರು ಬಿಡುತ್ತ ತೋಳ ಕೊಂದ ವೀರ ಬಂದ.

"ಅಯ್ಯೋ, ನನ್ನ ಹಾಗೇ ಇದೆಯಲ್ಲೋ ಇದರ ಬಾಯಿ," ಎಂದಳು ಮೊದಲ ಮನೆಯ ಬಾತ್ಮಾ ಅಜ್ಜಿ. "ಇದು ಕುರೀನ ತಿಂತಿತ್ತಾ, ಚೀಪ್ತಿತ್ತಾ?" ಆದರೂ ಒಂದು ಚೀಲ ಒಣಮೊಸರಿನ ಉಂಡೆ ಕೊಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯ ಜಪಾರ್ ಕರೆಯದೆಯೇ ಬಂದು ಕತ್ತೆಯ ಹಗ್ಗ ಹಿಡಿದ. "ನಿಂಗೆ ಮಾತು ಬರಲ್ಲ ಮಾರಾಯ. ನೀನು ಸುಮ್ನೆ ನಿಂತ್ಕೋ, ನಾನು ಹೇಳ್ತೀನಿ."

ಎರಡನೆಯ ಮನೆಯಲ್ಲಿ ಜಪಾರ್ ಹೇಳಿದ ಕಥೆಯಲ್ಲಿ ತೋಳ ಮುಕಾಶನ ಮೇಲೆ ಎರಗಿತು. ನಾಲ್ಕನೆಯ ಮನೆಯ ಹೊತ್ತಿಗೆ ಮುಕಾಶ್ ಅದರ ನಾಲಿಗೆ ಹಿಡಿದು ಎಳೆದಿದ್ದ. ಚಹಾಪುಡಿ ಬಂತು, ಕಂಬಳಿ ಬಂತು, ಒಂದು ಕೋಳಿಯೂ ಬಂತು. ಒಸ್ಮೊನ್ ತಾತನ ಅಂಗಳ ಮುಟ್ಟುವಾಗ ಇಡೀ ಊರು ಹಿಂದಿತ್ತು.

"ಕೊಲ್ಲಬಾರದಿತ್ತು ಮುಕಾಶ್," ಎಂದರು ಶಾಲೆಯ ಗುಲ್ಸಾರಾ ಟೀಚರ್. "ತೋಳ ಇರೋದಕ್ಕೇ ಕಾಡುಹಂದಿ ಹದ್ದುಬಸ್ತಿನಲ್ಲಿರೋದು. ಇಲ್ಲಾಂದ್ರೆ ಆಲೂಗೆಡ್ಡೆ ಒಂದೂ ಮನೆ ಸೇರಲ್ಲ. ರೋಗ ಬಂದ ಕಾಡುಮೇಕೇನ ಹುಡುಕಿ ತಿನ್ನೋದೂ ಅದೇ. ಅದು ಬಿಟ್ಟಿದ್ದರಲ್ಲಿ ನರಿ, ರಣಹದ್ದು ಹೊಟ್ಟೆ ಹೊರೀತವೆ."

"ಹಂಗಾದ್ರೆ ತೋಳಾನೂ ಊರ ಕೆಲಸಕ್ಕೇ ಇರೋದು ಅನ್ನಿ," ಎಂದ ಜಪಾರ್. "ಸಂಬಳ ಎಷ್ಟು ಟೀಚರ್?"

"ಬೇಸಿಗೆಗೆ ಮೂರು ಕುರಿ."

"ಮುಕಾಶ್‌ಗಿಂತ ಅಗ್ಗ."

ಎಲ್ಲರೂ ನಕ್ಕರು. ಮುಕಾಶನೂ ನಕ್ಕ, ಒಬ್ಬನೇ ಸುಮ್ಮನಿದ್ದರೆ ಎದ್ದು ಕಾಣುತ್ತಿತ್ತು.

"ಇನ್ನೂ ಇದಾವಾ ಗುಡ್ಡದ ಮೇಲೆ?" ಕೇಳಿದರು ತಾತ.

"ಎಲ್ಲಿ ತಾತ, ಇದೇ ಕೊನೇದು," ಎಂದ ಜಪಾರ್.

"ನಿನ್ನ ಕೇಳಲಿಲ್ಲ. ಮುಕಾಶ್, ನೀನು ಹೇಳು. ಕೊನೇದೇ ಆದ್ರೆ ಆ ಟಗರು ನಿಂದು."

ಹೋದ ವಾರವಷ್ಟೇ ಮುಕಾಶ್ ಮೇಲಿನ ಬಂಡೆಯ ಹತ್ತಿರ ಒಂದು ಹೆಣ್ಣು ತೋಳವನ್ನೂ ಎರಡು ಮರಿಗಳನ್ನೂ ಕಂಡಿದ್ದ. ಅಂಗಳದ ಮೂಲೆಯಲ್ಲಿ ಕಟ್ಟಿದ್ದ ತಾತನ ಟಗರಿನ ಕಡೆ ನೋಡಿದ. ಅದರ ಬಾಲದ ಕೊಬ್ಬು ದಿಂಬಿನ ಹಾಗೆ ತೂಗುತ್ತಿತ್ತು. ನಜೀರಾಳ ಬಾಣಂತನ ನೆನಪಾಯಿತು.

"ಕೊನೇದು ತಾತ."

ತಾತ ರೊಟ್ಟಿ ತರಿಸಿದರು. ರೊಟ್ಟಿ ಮುಟ್ಟಿ ಸುಳ್ಳು ಹೇಳಿದವನನ್ನು ಆ ಊರಲ್ಲಿ ಮತ್ತೆ ಯಾರೂ ಚಹಾಕ್ಕೂ ಕರೆಯುವುದಿಲ್ಲ, ಅವನ ಮಕ್ಕಳಿಗೆ ಹೆಣ್ಣು ಕೊಡುವುದೂ ಇಲ್ಲ. ಮುಕಾಶ್ ಕೈಯಿಟ್ಟ. "ಸುಳ್ಳಾದ್ರೆ ಈ ರೊಟ್ಟಿ ನನ್ನನ್ನ ಹೊಡೀಲಿ."

"ಸಂತೋಷ," ಎಂದರು ತಾತ. ತಾವೇ ಎದ್ದು ಟಗರಿನ ಹಗ್ಗವನ್ನು ಅವನ ಕೈಗಿಟ್ಟರು. "ತೋಳ ಇತ್ತು, ಅದಕ್ಕೆ ನೀನು ಬೇಕಿತ್ತು. ಇನ್ನು ಕುರಿ ತಾವೇ ಹೋಗಿ ತಾವೇ ಬರ್ತವೆ. ನಾಳೆಯಿಂದ ನೀನು ಬರೋದು ಬೇಡ ಮಗಾ. ಬರಿಗೈಲಿ ಕಳಿಸಿದ್ವಿ ಅನ್ನೋ ಹಾಗಂತೂ ಆಗಲಿಲ್ಲ."

ಮುಕಾಶ್ ಜಪಾರನತ್ತ ನೋಡಿದ. ಮಾತು ಬರುವ ಜಪಾರ್ ತೋಳದ ಬಾಲವನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದ. ಮುಕಾಶ್ ಬಾಯಿ ತೆರೆದ. ರೊಟ್ಟಿ ಎದುರಿಗೇ ಇತ್ತು. ಬಾಯಿ ಮುಚ್ಚಿದ.

ಆಗ ಮೇಲಿನ ಬಂಡೆಯ ಕಡೆಯಿಂದ ಉದ್ದನೆಯ ಊಳು ಕೇಳಿತು. ಅದರ ಬೆನ್ನಿಗೇ ಎರಡು ಎಳೆಯ ದನಿಗಳು. ಎಲ್ಲರ ಕಣ್ಣೂ ಮುಕಾಶನ ಮೇಲೆ.

"ಏನದು?" ಕೇಳಿದರು ತಾತ.

ಮುಕಾಶ್ ಹಗ್ಗವನ್ನು ಕೈಗೆ ಸುತ್ತಿಕೊಂಡ. "ನಾಯಿ."

ತಾತ ಗಡ್ಡ ನೀವುತ್ತ ಇನ್ನೊಂದು ಸಲ ಆಲಿಸಿದರು.

"ಒಳ್ಳೇದೇ ಆಯ್ತು," ಎಂದರು. "ಅಂಥಾ ಗಂಟಲಿನ ನಾಯಿ ಮೇಲೆ ಇರೋವಾಗ ಕುರಿ ಕಾಯೋಕೆ ಬೇರೆ ಯಾರು ಬೇಕು?"