ಷಡ್ಡಕನ ವಿಮಾನ, ನನ್ನ ಸ್ಕೇಲು

ಈ ಸಲ ಷಡ್ಡಕನ ಸೊಕ್ಕು ಮುರಿದೇ ತೀರಬೇಕೆಂದು ಪಣ ತೊಟ್ಟೆ. ಕಟ್ಟಡಗಳ ನಕ್ಷೆ ಬರೆಯುವುದೇ ಕಸುಬಾದ ನನಗೆ, ಸ್ಕೇಲು ಹಿಡಿದೇ ತಲೆ ನರೆತ ನನಗೆ, ಆತ ದೂರದ ಪಾಠ ಹೇಳುವುದೇ!

ನಡೆದದ್ದಿಷ್ಟು. ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಮರುದಿನ ಬೆಳಿಗ್ಗೆ ಭೂಮಿಯ ಆ ತುದಿಯ ಚಳಿ ಊರಿಗೆ ಹಾರುವವನಿದ್ದ. ನಾನು ಗೋಡೆಯ ಭೂಪಟದಲ್ಲಿ ನಮ್ಮೂರಿಗೂ ಆ ಊರಿಗೂ ಸ್ಕೇಲಿಟ್ಟು ಅಳೆದು, ವಿಮಾನ ಹಾರುವ ದೂರ ಇಷ್ಟೇ ಎಂದು ಫೋನಿನಲ್ಲಿ ತೀರ್ಪು ಕೊಟ್ಟೆ. ಆತ ನಕ್ಕುಬಿಟ್ಟ.

"ಭೂಮಿ ನಿನ್ನ ಗೋಡೆ ಥರ ಚಪ್ಪಟೆ ಇಲ್ಲ ಕಣಯ್ಯ. ವಿಮಾನ ಮೇಲ್ಗಡೆ ಹಿಮದ ಕಡೆಯಿಂದ ಬಳಸ್ಕೊಂಡು ಹೋಗುತ್ತೆ. ಅದೇ ಹತ್ರದ ದಾರಿ. ಗ್ಲೋಬಿನ ಮೇಲೆ ದಾರ ಹಿಡಿದು ನೋಡು."

ಬಳಸಿದ ದಾರಿ ಹತ್ತಿರವಂತೆ! ಹಾಗಿದ್ದರೆ ನಾನು ದಿನಾ ಮಾವನ ಮನೆ ಸುತ್ತಿಕೊಂಡು ಆಫೀಸಿಗೆ ಹೋಗಬೇಕಿತ್ತು.

ಮಗಳ ಗ್ಲೋಬು ಸಿಕ್ಕಿತು. ದಾರ? ಸೋಫಾದ ಮೇಲಿದ್ದ ಬಟ್ಟೆಚೀಲದಿಂದ ಕೆಂಪು ಉಣ್ಣೆಯ ತುದಿಯೊಂದು ಇಣುಕುತ್ತಿತ್ತು. ಎಳೆದೆ, ಬಂತು. ಕತ್ತರಿಸಿ ಗ್ಲೋಬಿನ ಮೇಲೆ ಬಿಗಿಯಾಗಿ ಹಿಡಿದೆ. ಹಾಳಾದ್ದು, ಹಿಮದ ದಾರಿಯೇ ಗಿಡ್ಡ ಬಂತು! ದಾರ ಜಾರಿರಬೇಕೆಂದು ಇನ್ನೊಂದು ಕತ್ತರಿಸಿದೆ. ಅದೂ ಗಿಡ್ಡ. ಗೋಂದು ಹಚ್ಚಿ ಅಂಟಿಸಿದೆ, ಗುಂಡುಪಿನ್ನು ಚುಚ್ಚಿದೆ, ಒದ್ದೆ ದಾರ, ಜೋಡಿ ದಾರ, ಯಾವುದನ್ನೂ ಬಿಡಲಿಲ್ಲ. ಚೀಲವೋ, ಎಳೆದಷ್ಟೂ ಕೊಡುತ್ತಲೇ ಇತ್ತು. ನೆಲದ ತುಂಬ ಕೆಂಪು ಚೂರುಗಳು ಬಿದ್ದವು. ಆದರೂ ಷಡ್ಡಕನಿಗೆ ಸೋಲುವುದುಂಟೇ ಎಂದು ಮತ್ತೆ ಎಳೆದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಹೆಂಡತಿ ಚೀಲಕ್ಕೆ ಕೈಹಾಕಿ ಸ್ವೆಟರ್ ಎತ್ತಿದಳು. ಚಳಿ ಊರಿಗೆ ಹೊರಟ ಭಾವನಿಗೆಂದು ತಿಂಗಳುಗಟ್ಟಲೆ ಕೂತು ಹೆಣೆದದ್ದು. ಕೊನೆಯ ಗಂಟೊಂದು ಬಾಕಿಯಿತ್ತಷ್ಟೆ. ಈಗ ಅದಕ್ಕೆ ಬಲತೋಳೇ ಇರಲಿಲ್ಲ!

ಆಕೆ ನೆಲ ನೋಡಿದಳು, ಗ್ಲೋಬು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ವಾದದಲ್ಲಿ ಸೋತೆ ಅಂತ ಭಾವನ ತೋಳು ಕಿತ್ರಾ?"

"ಇಲ್ಲ ಕಣೇ, ದೂರ ಅಳೀತಿದ್ದೆ..."

"ನಾಳೆ ಅವ್ರಿಗೆ ಏನು ಕೊಡ್ಲಿ? ನೀವು ಅಳೆದ ದೂರಾನಾ?"

ಆಕೆಯ ಕಣ್ಣು ತುಂಬಿದ್ದನ್ನು ಕಂಡು ನನ್ನ ಜಂಬ ಜರ್ರನೆ ಇಳಿಯಿತು. ಪಾಪ, ಅವಳದೇನು ತಪ್ಪು? ಅದೇ ಉಣ್ಣೆಯಲ್ಲಿ ನನಗೂ ಒಂದು ಹೆಣೆದುಕೊಟ್ಟಿದ್ದಳು. ಬೀರುವಿನಿಂದ ತೆಗೆದು ತೆಪ್ಪಗೆ ಮುಂದಿಟ್ಟೆ. ಆಕೆ ಅದರ ಬಲತೋಳು ಬಿಚ್ಚಿ ಭಾವನ ಸ್ವೆಟರಿಗೆ ಹೊಲಿದಳು.

ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೆಂಡತಿಯ ಅಪ್ಪಣೆಯಂತೆ ನಾನು ಒಂಟಿತೋಳಿನ ಸ್ವೆಟರಿನಲ್ಲೇ ಹೋದೆ. ಷಡ್ಡಕ ತನ್ನ ಎರಡೂ ಬೆಚ್ಚನೆಯ ತೋಳು ಚಾಚಿ ನನ್ನನ್ನು ಅಪ್ಪಿಕೊಂಡು, ದೂರ ಎಷ್ಟು ಬಂತು ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ನೀವು ಹೇಳಿದ ದಾರೀಲಿ ಒಂದು ತೋಳು ಭಾವ. ಇವ್ರು ಹೇಳಿದ ದಾರೀಲಿ ಹೋಗಿದ್ರೆ ಇನ್ನೊಂದೂ ಹೋಗ್ತಿತ್ತು."