ಕಾಲು ನೆಲಕ್ಕೆ ತಾಗುವ ಸೀಟು

ಅಳತೆಗೆ ಸರಿಯಾಗಿ ಹೊಂದಿಕೊಳ್ಳುವ ವಸ್ತುಗಳೆಂದರೆ ನನಗೆ ಮೊದಲಿಂದಲೂ ಒಳಗೊಳಗೇ ಅಂಜಿಕೆ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ಅಮ್ಮ ಕೊಡಿಸುತ್ತಿದ್ದ ಬೂಟು ಯಾವಾಗಲೂ ಒಂದು ಸೈಜು ದೊಡ್ಡದು. ಮುಂದೆ ಹತ್ತಿ ತುರುಕಿಕೊಂಡು ನಡೆಯಬೇಕು. ಹತ್ತಿ ತೆಗೆಯುವಷ್ಟು ಕಾಲು ಬೆಳೆಯುವ ಹೊತ್ತಿಗೆ ಬೂಟೇ ಹರಿದಿರುತ್ತಿತ್ತು. ಟೈಲರ್ ಹೊಲಿದ ರವಿಕೆ ಮೊದಲ ಸಲವೇ ಸರಿಹೋದರೆ, ಇದು ಇನ್ಯಾರದೋ ಇರಬೇಕು ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ನಾನು ಕುಳ್ಳಿ. ಲಂಡನ್ನಿಗೆ ಬಂದ ಮೇಲಂತೂ ಟ್ಯೂಬ್ ರೈಲಿನ ಸೀಟಿನಲ್ಲಿ, ಜಿಪಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಯಾರ ಮನೆಯ ಸೋಫಾದ ಮೇಲೆ ಕೂತರೂ ನನ್ನ ಕಾಲು ಗಾಳಿಯಲ್ಲೇ. ಇದರಿಂದ ನನಗೇನೂ ಬೇಸರವಿಲ್ಲ. ಕಾಲು ತೂಗಾಡುತ್ತಿದೆಯೆಂದರೆ ಆ ಕುರ್ಚಿ ನನಗಾಗಿ ಕಾದು ಕೂತಿರಲಿಲ್ಲ ಎಂದು ಅರ್ಥ.

ನಮ್ಮವರು ಧಾರವಾಡದವರು. ಐವತ್ತು ದಾಟಿದೆ, ಹೋದ ವರ್ಷ ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲೆ ಜಪಮಾಲೆ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಹಿಡಿದದ್ದು ಮಸಲ್ ಕಾರಿನ ಹುಚ್ಚು. ಮಸಲ್ ಕಾರೆಂದರೆ ಅಮೆರಿಕದ್ದು. ಮುಂದೆ ಉದ್ದ ಮೂತಿ, ಹಿಂದೆ ಕೈಚೀಲವಷ್ಟೇ ಕೂರಬಹುದಾದ ಸೀಟು, ಒಳಗೆ ಹುಲಿಗೆ ಕೆಮ್ಮು ಹತ್ತಿದಂಥ ಸದ್ದು. ಇಲ್ಫರ್ಡಿನ ನಮ್ಮ ಸಾಲುಮನೆಯ ಮುಂದೆ ಅದನ್ನು ನಿಲ್ಲಿಸಿದರೆ ಮನೆಗಿಂತ ಕಾರೇ ಅಗಲ. ಬೇಡವೆನ್ನಲು ಬಾಯಿ ಬರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವರು ಚಾವಣಿ ನೋಡುತ್ತ ಮಲಗಿದ್ದನ್ನು ನಾನು ನೋಡಿದ್ದೆ. ಹುಡುಕಿ ಹುಡುಕಿ ಕೊನೆಗೆ ಎರಡು ಹಳೆಯ ಕಾರುಗಳಿಗೆ ಬಂದು ನಿಂತರು. ಎರಡೂ ಕಪ್ಪು, ಎರಡೂ ಒಂದೇ ಮಾಡೆಲ್ಲು, ಎರಡಕ್ಕೂ ಅಮೆರಿಕದವರ ಹಾಗೆ ಸ್ಟಿಯರಿಂಗ್ ಎಡಗಡೆ. ಒಂದು ಎಜ್‌ವೇರಿನಲ್ಲಿ, ಇನ್ನೊಂದು ರೊಮ್ಫರ್ಡಿನಲ್ಲಿ. ಮಗಳು ಅನಘಾ ಫೋಟೋಗಳನ್ನು ನೋಡಿ, "ಅಮ್ಮಾ, ದೇ ಆರ್ ಲಿಟರಲಿ ದ ಸೇಮ್ ಕಾರ್" ಎಂದು ಎದ್ದುಹೋದಳು.

"ನನಗಂತೂ ತಿಳೀವಲ್ದು," ಎಂದರು ಇವರು. "ನಿನಗ ಸಣ್ಣ ಸಣ್ಣವು ಕಾಣಸ್ತಾವಲ್ಲ, ಬಂದು ನೋಡು. ನೀ ಯಾವುದಂತೀ ಅದಽ."

ಎಜ್‌ವೇರಿನ ಕಾರು ಒಬ್ಬ ವಿಧವೆಯದು. ನನ್ನಷ್ಟೇ ಎತ್ತರದ ಇಂಗ್ಲಿಷ್ ಹೆಂಗಸು, ಕಾರ್ಡಿಗನ್ನಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಕೀ ಕೊಟ್ಟು, ಒಂದು ಸುತ್ತು ಹೋಗಿ ಬನ್ನಿ ಎಂದು ಕಿಟಕಿಯ ಹಿಂದೆ ನಿಂತರು. ಇವರು ಬಾಗಿಲು ತೆಗೆದರು. ಡ್ರೈವರ್ ಸೀಟು ಉಸ್ಸೆಂದು ತಾನಾಗಿ ಸರಿದು, ಕೊಂಚ ಬೆನ್ನು ಬಾಗಿಸಿ ನಿಂತಿತು. ಕನ್ನಡಿಗಳು ತಾವೇ ತಿರುಗಿದವು. ಹಿಂದಿನವರ ಅಳತೆಯನ್ನು ನೆನಪಿಟ್ಟುಕೊಳ್ಳುವ ಸೀಟಂತೆ ಅದು. ಇವರು ಕೂತರು, ಏನನ್ನೂ ಹಿಂದೆ ಮುಂದೆ ಮಾಡುವ ಅಗತ್ಯವೇ ಬೀಳಲಿಲ್ಲ. "ನನಗಽ ಹೊಲದಂಗ ಅದ," ಎಂದು ಖುಷಿಪಟ್ಟರು. ನಾನು ಬಲಗಡೆ ಹತ್ತಿ ಕೂತೆ. ನನ್ನ ಕಾಲು ನೆಲಕ್ಕೆ ತಾಗಿತು.

ಎರಡೂ ಪಾದ, ಹಿಮ್ಮಡಿ ಸಮೇತ. ಇಂಗ್ಲೆಂಡಿನಲ್ಲಿ ಮೊದಲ ಸಲ. ನಾನು ಮೆಲ್ಲಗೆ ಕಾಲು ಎತ್ತಿಕೊಂಡೆ.

ದಾರಿಯಲ್ಲಿ ಇನ್ನೊಂದು ಪೀಕಲಾಟ. ಈ ದೇಶದಲ್ಲಿ ಡ್ರೈವರ್ ಕೂರುವ ಕಡೆ ನಾನು ಸೀರೆ ಉಟ್ಟು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ, ಮುಂದೆ ಸ್ಟಿಯರಿಂಗೇ ಇಲ್ಲ. ಜೀಬ್ರಾ ಕ್ರಾಸಿಂಗಿನಲ್ಲಿ ಒಬ್ಬ ಅಜ್ಜಿ ನನ್ನನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಕಾನ್ವೆಂಟಿನ ಅಭ್ಯಾಸ, ನನ್ನ ಕೈಯೂ ಅರ್ಧ ಎದ್ದಿತು. ಅಷ್ಟರಲ್ಲಿ ಇವರು ಒಂದು ಸಣ್ಣ ರಸ್ತೆಗೆ ತಿರುಗಿದರು.

"ಯಾಕ್ರೀ ಈ ಕಡೆ? ಬಂದ ದಾರಿ ಅದಲ್ವಾ?"

"ಗೊತ್ತಿಲ್ಲ. ಕೈ ಹೋತು."

ಆ ರಸ್ತೆ ಸುತ್ತಿ ಬಳಸಿ ಅದೇ ಮನೆಯ ಮುಂದೆಯೇ ಬಂದು ನಿಂತಿತು. ಆಕೆ ಕಿಟಕಿಯಲ್ಲಿ ಹಾಗೆಯೇ ನಿಂತಿದ್ದರು. ಒಳಗೆ ಹೋದರೆ ಟೀ ಆಗಲೇ ತಯಾರು. ನನ್ನನ್ನು ಕೇಳಿ ಸಕ್ಕರೆ ಹಾಕಿದರು. ಇವರನ್ನು ಕೇಳದೆಯೇ ಎರಡು ಚಮಚ ಹಾಕಿ ಕಲಕಿದರು. "ಇವರಿಗೆ ಸಕ್ಕರೆ ಕೊಡುವಂತಿಲ್ಲ," ಎಂದೆ. "ಅಯ್ಯೋ, ಅಭ್ಯಾಸ," ಎಂದರು ಆಕೆ. ಇವರು ಅಷ್ಟರಲ್ಲಿ ಅರ್ಧ ಕಪ್ ಮುಗಿಸಿದ್ದರು. "ಹಿಂದಿನ ರಸ್ತೆಯಿಂದ ಬಂದಿರಲ್ಲ, ನಮ್ಮವರೂ ಹಾಗೇ ಬರುತ್ತಿದ್ದರು," ಎಂದು ಆಕೆ ಮೇಜಿನ ಮೇಲಿದ್ದ ಬಿಸ್ಕತ್ತಿನ ಚೂರನ್ನು ಬೆರಳಿನಿಂದ ಒತ್ತಿ ತೆಗೆದರು. "ಆ ದಿನವೂ ಬಂದು ಎಂಜಿನ್ ಆರಿಸಿದರು. ನಾನು ಟೀ ಇಟ್ಟೆ. ಹಾಡು ಮುಗಿಸಿ ಇಳಿಯುತ್ತಾರೆ ಅಂದುಕೊಂಡೆ. ಟೀ ಆರಿತು, ಅವರು ಇಳಿಯಲಿಲ್ಲ."

ರೊಮ್ಫರ್ಡಿನ ಕಾರಿನಲ್ಲಿ ಇಂಥದ್ದೇನೂ ಇರಲಿಲ್ಲ. ಅದರ ಒಡೆಯ ಚೂಯಿಂಗ್ ಗಮ್ ಅಗಿಯುವ ಹುಡುಗ; ಒಳಗೆಲ್ಲ ಚಿಪ್ಸಿನ ಮೇಲೆ ಸುರಿದ ವಿನಿಗರಿನ ವಾಸನೆ. ಅವನ ಗೆಳತಿ ಆರಡಿ ಇರಬೇಕು, ಸೀಟು ಎಷ್ಟು ಹಿಂದಿತ್ತೆಂದರೆ ನನ್ನ ಕಾಲು ಗಂಟೆಯ ನಾಲಗೆಯಂತೆ ತೂಗಾಡಿತು. ನನಗೆ ಪ್ರಾಣ ಬಂದ ಹಾಗಾಯಿತು. ಇವರು ಮಾತ್ರ ದಾರಿಯುದ್ದಕ್ಕೂ ಸೀಟು ಎಳೆದು, ದಬ್ಬಿ, ಬೆನ್ನು ನೋವೆಂದು ಗೊಣಗಿದರು. "ಎಜ್‌ವೇರಿಂದು ನೋಡು, ಕುಂತ್ರ ಎದ್ದು ಬರಲಿಕ್ಕಽ ಮನಸಾಗೂದಿಲ್ಲ."

ಅದೇ ನನ್ನ ಹೆದರಿಕೆಯಾಗಿತ್ತು. ಆದರೆ ಬಾಯಿಬಿಟ್ಟು ಹೇಳುವುದು ಹೇಗೆ? ಸ್ಟೆಂಟ್ ಹಾಕಿಸಿಕೊಂಡವರ ಮುಂದೆ ಕೆಲವು ಮಾತು ಆಡಬಾರದು. "ದೇವರನ್ನೇ ಕೇಳೋಣ," ಎಂದೆ. ನಮ್ಮತ್ತೆ ಕಲಿಸಿದ ಪದ್ಧತಿ: ಗಣಪತಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಪ್ರಸಾದ ಕೇಳುವುದು. ಬಲದ ಹೂ ಬಿದ್ದರೆ ಎಜ್‌ವೇರ್, ಎಡದ್ದು ಬಿದ್ದರೆ ರೊಮ್ಫರ್ಡ್. ಈಸ್ಟ್ ಹ್ಯಾಮಿನ ನಮ್ಮವರ ಅಂಗಡಿಯಿಂದ ಸೇವಂತಿಗೆ ತಂದು ಅಂಟಿಸಿ ಕೂತೆವು. ಮನೆಯಲ್ಲಿ ಗಾಳಿಯಿಲ್ಲ, ಹೀಟರ್ ಆರಿಸಿತ್ತು. ಬಹಳ ಹೊತ್ತಿನ ಮೇಲೆ ಒಂದು ಹೂ, ಯಾರೋ ಎರಡು ಬೆರಳಲ್ಲಿ ಎತ್ತಿಟ್ಟ ಹಾಗೆ, ಸದ್ದಿಲ್ಲದೆ ಕೆಳಗಿಳಿಯಿತು.

"ದೇವರ ಬಲಕ್ಕ ಬಿತ್ತು. ಎಜ್‌ವೇರ್," ಎಂದರು ಇವರು.

"ನಮ್ಮ ಎಡಕ್ಕೆ ಬಿದ್ದಿದೆ. ರೊಮ್ಫರ್ಡ್," ಎಂದೆ ನಾನು.

"ಏ, ದೇವರ ಬಲಾನಽ ಹಿಡೀಬೇಕಲ್ಲ. ನಮ್ಮವ್ವನ್ನ ಕೇಳು ಬೇಕಾದ್ರ."

"ಅದು ಧಾರವಾಡದಲ್ಲಿ. ಇಲ್ಲಿ ನಾವು ಕೂತ ಕಡೆಯಿಂದ ನೋಡ್ಬೇಕು."

ಮೆಟ್ಟಿಲ ಮೇಲಿಂದ ಅನಘಾ, "ಇಟ್ಸ್ ಲೈಕ್ ದ ಸ್ಟಿಯರಿಂಗ್, ಅಪ್ಪ. ಡಿಪೆಂಡ್ಸ್ ಆನ್ ದ ಕಂಟ್ರಿ," ಎಂದಳು. ದೇವರ ಬಲವನ್ನೇ ನೋಡಬೇಕೆಂದು ನನಗೂ ಗೊತ್ತು, ಇವರಿಗೂ ಗೊತ್ತು, ಗಣಪತಿಗಂತೂ ಗೊತ್ತೇ ಇತ್ತು. ಇವರು ನನ್ನ ಮುಖ ನೋಡಿದರು. "ಅಂಜೀದಿ ಅಲ್ಲ?" ಎಂದರು. ನಾನು ಹೂವಿನ ಎಸಳು ಆರಿಸತೊಡಗಿದೆ. "ಆತು ಬಿಡು. ಇಲ್ಲಿ ಕಾನೂನಽ ಇರಲಿ. ರೊಮ್ಫರ್ಡ್."

ಹಾಗೆ ವಿನಿಗರ್ ಕಾರು ಮನೆಗೆ ಬಂತು. ಚಕ್ರಕ್ಕೆ ನಿಂಬೆಹಣ್ಣಿಟ್ಟೆವು, ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು, ನಾನು ಕಾಲು ತೂಗಾಡಿಸಿಕೊಂಡು ನಿಶ್ಚಿಂತೆಯಿಂದ ತಿರುಗಾಡಿದೆ. ದಿನ ಕಳೆದಂತೆ ವಿನಿಗರ್ ವಾಸನೆ ಹೋಗಿ ಊದುಬತ್ತಿಯ ವಾಸನೆ ಹಿಡಿಯಿತು. ಈಗ ಸಂಜೆ ಇವರು ಒಂದು ಸುತ್ತು ಹೋಗಿ ಬರುತ್ತಾರೆ. ಹುಲಿಯ ಕೆಮ್ಮು ಮೂಲೆ ತಿರುಗಿದ್ದು ಕೇಳುತ್ತಲೇ ಟೀಗಿಟ್ಟು ಕಿಟಕಿಗೆ ಬರುತ್ತೇನೆ. ಎಂಜಿನ್ ಆರುತ್ತದೆ. ಹಾಡು ಮುಗಿಯಲೆಂದು ಇವರು ಒಳಗೇ ಕೂತಿರುತ್ತಾರೆ. ಕಾರಿನ ಬಾಗಿಲ ಸದ್ದು ಕೇಳುವವರೆಗೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ಮೊನ್ನೆ ಹಾಗೆ ನಿಂತಾಗ ಗಾಜಿನಲ್ಲಿ ಒಬ್ಬ ಕುಳ್ಳಗಿನ ಹೆಂಗಸು ಕಂಡಳು. ಕಾರ್ಡಿಗನ್ನಿನ ಗುಂಡಿ ಒಂದು ಮನೆ ತಪ್ಪಿತ್ತು.

ಮರುದಿನ ಕಾರು ಹತ್ತಿದರೆ ನನ್ನ ಕಾಲು ನೆಲಕ್ಕೆ ತಾಗಿತು. "ನಿನಗ ಹೊಂದೂವಂಗ ಸರಿಸೇನಿ," ಎಂದರು ಇವರು, ಉಡುಗೊರೆ ಕೊಟ್ಟವರಂತೆ. ಅವರ ಸೀಟೂ ಅಷ್ಟರಲ್ಲಿ ಅವರ ಬೆನ್ನನ್ನು ಕಲಿತುಬಿಟ್ಟಿತ್ತು. ನಾನು ಥ್ಯಾಂಕ್ಸ್ ಹೇಳಿದೆ. ಕಾನ್ವೆಂಟಿನಲ್ಲಿ ಕಲಿತದ್ದು ಎಲ್ಲಿ ಹೋಗುತ್ತದೆ. ಆದರೆ ಇಳಿಯುವಾಗಲೆಲ್ಲ ಸ್ವಿಚ್ಚು ಒತ್ತಿ ನನ್ನ ಸೀಟನ್ನು ಹಿಂದಕ್ಕೆ ತಳ್ಳಿಯೇ ಇಳಿಯುತ್ತೇನೆ. "ಯಾಕ ಮತ್ತ ಕಾಲ ತೂಗಾಡಿಸ್ತೀ?" ಎಂದು ಇವರು ಕೇಳಿದರೆ, ಅಭ್ಯಾಸ ಅನ್ನುತ್ತೇನೆ. ಎಂದಾದರೂ ಒಂದು ದಿನ ಈ ಕಾರನ್ನು ನೋಡಲು ಯಾರೋ ಗಂಡ ಹೆಂಡತಿ ಬರುತ್ತಾರೆ. ಆಕೆಯೂ ಕುಳ್ಳಿಯಾಗಿದ್ದರೆ, ಪಾಪ, ಹೆದರಿಕೊಳ್ಳಬಾರದಲ್ಲ.